ಅಪ್‌ಡೇಟ್: ರೀಫ್ ಟ್ಯಾಂಕಲ್ಲಿ ಉಪ್ಪು ಕಮ್ಮಿ ಆಗ್ತಿದ್ದಿದ್ದು ಯಾಕೆ ಅಂತ ಗೊತ್ತಾಯ್ತು

ಹವಳ ಸಾಕೋ ನನ್ನ ಉಪ್ಪುನೀರಿನ ಅಕ್ವೇರಿಯಂನಲ್ಲಿ (ರೀಫ್ ಟ್ಯಾಂಕ್) ಸಲಿನಿಟಿ, ಅಂದ್ರೆ ನೀರಿನ ಉಪ್ಪಿನಂಶ, 35ರಿಂದ 31 ಪಿಪಿಟಿಗೆ (ಸಾವಿರದಲ್ಲಿ ಇಷ್ಟು ಭಾಗ) ಇಳಿದಿದೆ, ಯಾಕೆ ಅಂತ ಕೇಳಿದ್ನಲ್ಲ, ಕಾರಣ ಸಿಕ್ತು. ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್‌ನ 35 ಪಿಪಿಟಿ ಸೊಲ್ಯೂಷನ್ ಹಾಕಿ ಚೆಕ್ ಮಾಡ್ದೆ, ಸರಿಯಾಗೇ ಇತ್ತು. ಆವಿಯಾದ್ರೆ ನೀರಷ್ಟೇ ಹೋಗತ್ತೆ, ಉಪ್ಪು ಒಳಗೇ ಉಳಿಯತ್ತೆ, ಹಾಗಾಗಿ ಉಪ್ಪುನೀರೇ ಎಲ್ಲೋ ಸೋರ್ತಿದೆ ಅಂತ ನಿಮ್ಮಲ್ಲೊಬ್ರು ಹೇಳಿದ್ದು ನೂರಕ್ಕೆ ನೂರು ನಿಜ ಆಯ್ತು. ನೀರನ್ನ ಟ್ಯಾಂಕಿಗೆ ವಾಪಸ್ ಕಳಿಸೋ ರಿಟರ್ನ್ ಪಂಪ್ ಪೈಪಿನ ಜಾಯಿಂಟಲ್ಲಿ ಸಣ್ಣಗೆ ಜಿನುಗ್ತಿತ್ತು, ಕ್ಯಾಬಿನೆಟ್ ಹಿಂದೆ ಬೆಳ್ಳಗೆ ಉಪ್ಪು ಕಟ್ಟಿತ್ತು, ಇತ್ತ ಆಟೋ ಟಾಪ್‌ಆಫ್ (ಕಮ್ಮಿಯಾದ ನೀರನ್ನ ತಾನಾಗೇ ತುಂಬೋ ಸಾಧನ) ಉಪ್ಪಿಲ್ಲದ ಆರ್‌ಓ ನೀರು ತುಂಬ್ತಾನೇ ಇದ್ದಿದ್ರಿಂದ ಮಟ್ಟ ಇಳೀಲೇ ಇಲ್ಲ, ಲೀಕ್ ಗೊತ್ತಾಗೋದಾದ್ರೂ ಹೇಗೆ. ಬೆಂಗಳೂರಿನ ಎಸ್‌ಜೆಪಿ ರೋಡಿಂದ ಜಾಯಿಂಟಿಗೆ ಹಾಕೋ ರಬ್ಬರ್ ಓ-ರಿಂಗ್ ತಂದು ಬದಲಾಯಿಸ್ದೆ, ಈಗ ಒಣಗಿದೆ. ಟಾಪ್‌ಆಫ್‌ಗೆ ಸದ್ಯಕ್ಕೆ ಉಪ್ಪುನೀರೇ ಹಾಕಿ, ದಿನಕ್ಕೆ 1 ಪಿಪಿಟಿ ಮೀರದಂಗೆ ನಿಧಾನಕ್ಕೆ ಏರಿಸ್ತಿದೀನಿ, ಒಂದೇ ಸಲ ಏರ್ಸಿದ್ರೆ ಹವಳಗಳಿಗೆ ಕಷ್ಟ. ಮುದುಡಿದ್ದ ಜೊಆಂಥಸ್ ಹವಳಗಳು ಮತ್ತೆ ಬಿಚ್ಕೊಳ್ತಿವೆ, ತುಂಬಾ ಖುಷಿ ಆಯ್ತು, ಥ್ಯಾಂಕ್ಸ್ ಎಲ್ರಿಗೂ.