ಬ್ಲಾಕ್‌ಗೆ ಬೀಗ ಹಾಕಿದ್ದು ಯಾರು? ಈಜುಕೊಳದ ವಿಷಯ, ಎಲ್ಲರೂ ಓದಿ

ಮನೆ 23: ನಿನ್ನೆ ರಾತ್ರಿ ನಡೆದದ್ದಕ್ಕೆ ಸುಮ್ನಿದ್ದುಬಿಡೋಣ ಅಂದುಕೊಂಡೆ, ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಂಟೂವರೆ ಬ್ಯಾಚಿಗೆ ಹೋದರೆ ಆರೂ ಸ್ಟಾರ್ಟಿಂಗ್ ಬ್ಲಾಕ್ (ರೇಸ್ ಶುರುವಿಗೆ ಹತ್ತಿ ನಿಂತು ನೀರಿಗೆ ಹಾರುವ ಕಟ್ಟೆ) ಮೇಲೆ ಹಳದಿ ಮುಚ್ಚಳ, ಅದಕ್ಕೆ ಸರಪಳಿ, ಸರಪಳಿಗೆ ಬೀಗ. ಗೋಡೆಗೊಂದು ಚೀಟಿ: "ದೊಡ್ಡವರು ಬ್ಲಾಕ್ ಹತ್ತುವಂತಿಲ್ಲ." ಸಹಿ ಇಲ್ಲ, ತಾರೀಖಿಲ್ಲ. ಲೈಫ್‌ಗಾರ್ಡ್ ಹುಡುಗನನ್ನು ಕೇಳಿದರೆ "ನಂಗೆ ಹೇಳಿದ್ದಾರೆ ಸರ್". ಯಾರು ಹೇಳಿದ್ದು ಅಂದರೆ ಬಾಯಿ ಬಿಡಲ್ಲ. ಆಯ್ತು ಅಂತ ಅಂಚಿನಿಂದ ಧುಮುಕಿದರೆ ಅದಕ್ಕೂ ಸೀಟಿ ಊದಿ, ಎಲ್ಲರ ಎದುರು ನನ್ನನ್ನು ಮೇಲೆ ಹತ್ತಿಸಿದ. ಸಂಜೆ ಐದಕ್ಕೆ ಹತ್ತು ವರ್ಷದ ಮಕ್ಕಳು ಅದೇ ಬ್ಲಾಕಿಂದ ಹಾರುತ್ತಾರೆ. ನಮಗೆ ನಾಲ್ಕು ಜನಕ್ಕೆ ಮುಂದಿನ ತಿಂಗಳು ಮಾಸ್ಟರ್ಸ್ ಮೀಟ್, ಅಂದರೆ ದೊಡ್ಡವರ ಈಜು ಸ್ಪರ್ಧೆ ಇದೆ. ಸ್ಟಾರ್ಟ್ ಎಲ್ಲಿ ಕಲಿಯೋದು, ಮಂಚದ ಮೇಲಿಂದಾನಾ?

ಮನೆ 31: ಮಂಚ ಗಟ್ಟಿ ಇದೆ ತಾನೇ ಸರ್ 😂

ಮನೆ 7: ನಾನು ಅವತ್ತೇ ಹೇಳಿದ್ದೆ, ಯಾರೂ ಕೇಳಲಿಲ್ಲ. ಚೀಟಿ ಯಾಕೆ ಬಂತು ಅಂತ ಎಲ್ಲರಿಗೂ ಗೊತ್ತು. 4ನೇ ಅಡ್ಡರಸ್ತೆಯವರ ನೆಂಟರು ಬಂದು ಹೊಟ್ಟೆ ಹೊಡೆದುಕೊಂಡು ಬಿದ್ದರಲ್ಲ, ಅದರ ಫಲ ಇದು. ಅತಿಥಿಗಳನ್ನು ಬಿಡಬೇಡಿ ಅಂತ ಮೊದಲಿಂದಲೂ ಬಡ್ಕೊಂಡೆ.

ಮನೆ 40: ಅಂಕಲ್, ನಮ್ಮ ರಸ್ತೆಯನ್ನ ಸುಮ್ನೆ ಎಳೀಬೇಡಿ. ಅವತ್ತು ಹಾರಿದವರು ನಿಮ್ಮ ಸಾಲಿನ ಬಾಡಿಗೆಯವರು.

ಮನೆ 7: ಬಾಡಿಗೆಯವರು ಅಂದರೆ ಯಾರು? ಮನೆ ನಂಬರ್ ಹೇಳಿ. ನಾನು ಮೂರು ಸಲ ಕೇಳಿದ್ದೇನೆ, ಉತ್ತರ ಬಂದಿಲ್ಲ.

ಮನೆ 40: ಈಗ ತಾನೇ ಮೊದಲ ಸಲ ಕೇಳಿದ್ರಿ.

ಮನೆ 23: ಯಾರೋ ಬಿದ್ದರು ಅಂತ ನಮಗೆ ಬೀಗವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗಾಯ್ತು.

ಮನೆ 52: 🌹 ಶುಭೋದಯ 🌹 ನಗುತ್ತಾ ಇರಿ, ನಗಿಸುತ್ತಾ ಇರಿ. ಹತ್ತು ಜನಕ್ಕೆ ಕಳಿಸಿ, ಸಂಜೆಯೊಳಗೆ ಒಳ್ಳೆ ಸುದ್ದಿ ಬರುತ್ತೆ.

ಕಾರ್ಯದರ್ಶಿ: ಚೀಟಿ ಸಮಿತಿಯದ್ದೇ. ಸಹಿ ಹಾಕೋದು ಬಿಟ್ಟುಹೋಗಿದೆ. ಯಾರಿಗಾದರೂ ಕುತ್ತಿಗೆ ಮುರಿದರೆ ಉತ್ತರ ಕೊಡಬೇಕಾದವರು ನಾವು. ದಯವಿಟ್ಟು ಸಹಕರಿಸಿ.

ಮನೆ 12: ಜಗಳದ ಮಧ್ಯೆ ಬರ್ತಿದ್ದೇನೆ, ಕ್ಷಮಿಸಿ. ಕಾಲೇಜಿನಲ್ಲಿ ಈಜುತ್ತಿದ್ದವಳು ನಾನು, ಅದಕ್ಕೆ ಹೇಳ್ತಿದ್ದೇನೆ. ಪ್ರಶ್ನೆ ವಯಸ್ಸಿನದ್ದಲ್ಲ, ಆಳದ್ದು. ವರ್ಲ್ಡ್ ಅಕ್ವಾಟಿಕ್ಸ್ (ಅಂತರರಾಷ್ಟ್ರೀಯ ಈಜು ಸಂಸ್ಥೆ) ನಿಯಮದಲ್ಲಿ ಬ್ಲಾಕ್ ಇರೋ ತುದಿಯಲ್ಲಿ, ಗೋಡೆಯಿಂದ 1 ಮೀಟರ್ ದೂರದಿಂದ ಹಿಡಿದು 6 ಮೀಟರ್‌ವರೆಗೂ ಕನಿಷ್ಠ 1.35 ಮೀಟರ್ ಆಳ ಇರಬೇಕು. ಬ್ಲಾಕ್ ಎತ್ತರ ನೀರಿನಿಂದ 0.5ರಿಂದ 0.75 ಮೀಟರ್. ಇದು ಹಾರಲು ಗೊತ್ತಿರುವ ಸ್ಪರ್ಧಿಗಳಿಗೆ. ಕಲಿಯುವವರಿಗೆ ಇನ್ನೂ ಆಳ ಬೇಕು. ನಮ್ಮ ಬ್ಲಾಕ್ ಯಾವ ತುದಿಯಲ್ಲಿದೆ? ಶವರ್ ಕಡೆ. ಆ ಗೋಡೆ ಮೇಲೆ ಏನು ಬರೆದಿದೆ ಅಂತ ಇವತ್ತು ಹೋಗಿ ನೋಡಿ. 1.2.

ಮನೆ 12: ಇನ್ನೊಂದು. ಬೇಸಿಗೆಯಲ್ಲಿ ನೀರು ಒಂದು ಗೇಣು ಇಳಿದಿರುತ್ತೆ, ಅಲ್ವಾ? ಆಗ ಆಳವೂ ಕಡಿಮೆ, ಬ್ಲಾಕಿನ ಎತ್ತರವೂ ಜಾಸ್ತಿ. ಎರಡೂ ಕಡೆಯಿಂದ ಹೊಡೆತ. ರಾತ್ರಿ ಬ್ಯಾಚಿನವರು ಹಾರೋದನ್ನ ನೋಡಿದ್ದೇನೆ, ಬೇಜಾರಾಗಬೇಡಿ: ಎರಡು ಕೈ ಎರಡು ದಿಕ್ಕು, ಗದ್ದ ಮೇಲೆ, ನೀರಿಗೆ ಬಿದ್ದ ತಕ್ಷಣ ಕನ್ನಡಕ ಬಾಯಿಗೆ ಬಂದಿರುತ್ತೆ. ಕೈ ಜೋಡಿಸಿ ತಲೆ ಮುಂದೆ ಚಾಚದೆ ನೇರ ಕೆಳಗೆ ಹೋದರೆ ನೆಲಕ್ಕೆ ಮೊದಲು ತಗುಲೋದು ತಲೆ. ಕುತ್ತಿಗೆ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾದರೆ ಜೀವನಪೂರ್ತಿ ಕೈಕಾಲು ಆಡದೇ ಇರಬಹುದು.

ಮನೆ 31: ನನ್ನ ಕನ್ನಡಕದ ಬಗ್ಗೆ ಎಲ್ಲರಿಗೂ ಹೇಳಬೇಕಿತ್ತಾ ಅಕ್ಕ

ಮನೆ 18: ಒಂದ್ನಿಮಿಷ. 1.2 ಅಂದರೆ ನಮ್ಮ ಮಕ್ಕಳು ಹಾರ್ತಿರೋದೂ ತಪ್ಪಲ್ವಾ?

ಮನೆ 12: ಹೌದು. ಬೀಗ ಹಾಕೋದಾದರೆ ಇಬ್ಬರಿಗೂ ಹಾಕಬೇಕು. ಇಲ್ಲಾಂದ್ರೆ ಬ್ಲಾಕ್ ಕಿತ್ತು ಆಳದ ತುದಿಗೆ ಹಾಕಬೇಕು.

ಮನೆ 7: ಹದಿನೈದು ವರ್ಷದಿಂದ ಅಲ್ಲೇ ಇದೆ, ಯಾರಿಗೇನಾಗಿದೆ? ಸುಮ್ನೆ ಹೆದರಿಸಬೇಡಿ ಮೇಡಂ. ಮಕ್ಕಳ ಕೋಚಿಂಗ್ ನಿಲ್ಲಿಸಿದರೆ ನಾನು ಸುಮ್ಮನಿರೋನಲ್ಲ, ನನ್ನ ಮೊಮ್ಮಗ ಇದ್ದಾನೆ.

ಮನೆ 40: ಬೆಳಿಗ್ಗೆ ಬೀಗ ಸರಿ ಅಂತಿದ್ರಿ!

ಮನೆ 7: ದೊಡ್ಡವರಿಗೆ ಸರಿ ಅಂದೆ. ಓದೋಕೆ ಬರುತ್ತಲ್ವಾ?

ಮನೆ 23: ಮೇಡಂ ಹೇಳಿದ್ದು ಒಪ್ಪುತ್ತೇನೆ, ಆದರೆ ನಮ್ಮನ್ನೂ ನೋಡಿ. ಆಳದ ಕಡೆ ಅಂಚಿನಿಂದಾದರೂ ಬಿಡಬಹುದಲ್ಲ.

ಮನೆ 12: ಬಿಡಬೇಕು. ಮಾಸ್ಟರ್ಸ್ ನಿಯಮದಲ್ಲೇ ಇದೆ ಸರ್, ಬ್ಲಾಕಿಂದಾದರೂ ಸರಿ, ಅಂಚಿನಿಂದಾದರೂ ಸರಿ, ನೀರಲ್ಲೇ ನಿಂತು ಗೋಡೆ ಒದ್ದಾದರೂ ಹೊರಡಬಹುದು. ಬ್ಲಾಕ್ ಕಡ್ಡಾಯ ಅಲ್ಲ.

ಮನೆ 23: ಗೊತ್ತು. ಪಕ್ಕದ ಲೇನಿನವನು ಹಾರಿ ಅಷ್ಟು ದೂರ ಹೋಗಿರುವಾಗ ನಾನಿನ್ನೂ ಗೋಡೆ ಒದೀತಿರಬೇಕು, ಅಷ್ಟೇ ಸಂಕಟ.

ಮನೆ 31: ಮಾಸ್ಟರ್ ಅನ್ನಿಸಿಕೊಳ್ಳೋಕೆ ಎಷ್ಟು ವಯಸ್ಸಾಗಬೇಕು?

ಮನೆ 12: 25 ಆದರೆ ಸಾಕು. ಐದೈದು ವರ್ಷಕ್ಕೊಂದು ಗುಂಪು.

ಮನೆ 31: ಇನ್ಮೇಲೆ ಎಲ್ಲರೂ ನನ್ನನ್ನ ಮೇಷ್ಟ್ರೇ ಅನ್ನಿ.

ಮನೆ 52: (ನಾಯಿ ಈಜುವ ವಿಡಿಯೋ) ಕೊನೆವರೆಗೂ ನೋಡಿ 😍

ಮನೆ 23: ಸರಿ, ಕೆಲಸದ ಮಾತಿಗೆ ಬರೋಣ. ಭಾನುವಾರ ಬೆಳಿಗ್ಗೆ ಏಳಕ್ಕೆ ಟೇಪ್ ತಂದು ಎರಡೂ ತುದಿ ಅಳೆಯೋಣ. ಗೋಡೆ ಹತ್ತಿರ ಮಾತ್ರ ಅಲ್ಲ, 6 ಮೀಟರ್‌ವರೆಗೂ. 3ನೇ ಲೇನಿನ ಬ್ಲಾಕ್ ಕಾಲಿಟ್ಟರೆ ಬೆರಳಷ್ಟು ಅಲ್ಲಾಡುತ್ತೆ, ಮೇಲಿನ ಒರಟು ಪದರವೂ ಸವೆದು ಜಾರುತ್ತೆ, ಅದನ್ನೂ ಬರೆದುಕೊಳ್ಳೋಣ. ವಾರಕ್ಕೊಂದು ದಿನ ಕೋಚ್ ಎದುರಿಗೆ ದೊಡ್ಡವರಿಗೆ ಸ್ಟಾರ್ಟ್ ಕಲಿಸಲಿ. ಮೊದಲು ಆಳದ ಕಡೆ ಅಂಚಿನಲ್ಲಿ ಕೂತು, ಆಮೇಲೆ ಒಂದು ಮಂಡಿ ಊರಿ, ಆಮೇಲೆ ನಿಂತು. ಬ್ಲಾಕ್ ಕೊನೆಗೆ. ಬರುವವರು ಮನೆ ನಂಬರ್ ಹಾಕಿ.

ಮನೆ 12: 12

ಮನೆ 31: 31 (ಎದ್ದರೆ)

ಮನೆ 18: 18. ಹೇಗೂ ಬರ್ತೀರಲ್ಲ, ಹೆಂಗಸರ ಬಟ್ಟೆ ಬದಲಿಸೋ ಕೋಣೆನೂ ನೋಡಿ. ಶವರ್ ನೀರು ಹೋಗೋ ಜಾಗ ಕಟ್ಟಿಕೊಂಡು ಪಾದ ಮುಳುಗೋಷ್ಟು ನಿಲ್ಲುತ್ತೆ. ಬಲ್ಬ್ ಕೂಡ ಇಲ್ಲ.

ಮನೆ 40: ಗಂಡಸರ ಕಡೆನೂ ಅದೇ ಕಥೆ!! ಚಿಲಕ ಇಲ್ಲ ಬೇರೆ.

ಮನೆ 9: 👍 ಇದು ಮೊದಲು ಆಗಬೇಕು

ಮನೆ 36: 👍👍

ಮನೆ 7: ಶವರ್ ಬಗ್ಗೆ ನಾನು ಯಾವಾಗಲೋ ಪತ್ರ ಕೊಟ್ಟಿದ್ದೆ. ಕಾರ್ಯದರ್ಶಿಗಳು ಉತ್ತರ ಕೊಡಲಿ.

ಕಾರ್ಯದರ್ಶಿ: ಭಾನುವಾರ ಏಳಕ್ಕೇ ಪ್ಲಂಬರ್‌ನ ಕರೆಸುತ್ತೇನೆ. ಅವತ್ತು ಮಧ್ಯಾಹ್ನದವರೆಗೆ ಈಜುಕೊಳದ ಕಡೆ ಯಾರೂ ಬರಬೇಡಿ.

ಮನೆ 23: ಹಾಗಾದರೆ ಅಳತೆ?

ಮನೆ 9: ಬಿಸಿನೀರಿಗೂ ಕೇಳಿ ಸರ್

ಮನೆ 36: ಹೌದು ಬಿಸಿನೀರು 🙏

ಮನೆ 7: ಅದಿರಲಿ, ಈಜುಕೊಳದ ಗೇಟಿಗೆ ಅಡ್ಡ ಬೈಕ್ ನಿಲ್ಲಿಸುತ್ತಿರೋದು ಯಾರು? ಪ್ಲಂಬರ್ ಹೇಗೆ ಒಳಗೆ ಹೋಗ್ತಾನೆ?

ಮನೆ 31: ನನ್ನದೇ ಅಂಕಲ್, ತೆಗೀತೀನಿ