ಸಹಾಯ ಬೇಕು: ಒಬ್ಬನೇ ಆಡುವ ಗೇಮ್‌ಗೂ ಸದಾ ನೆಟ್ ಬೇಕಂತೆ, ರೀಫಂಡ್ ಕೇಳಲಾ?

ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸ್ಟೀಮ್‌ನಲ್ಲಿ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಹೊಸ ಗೇಮ್ ತಗೊಂಡೆ. ಒಬ್ಬನೇ ಆಡುವಂಥದ್ದು, ಆದರೂ ಸರ್ವರ್ ಸಿಗದೆ ಶುರುವೇ ಆಗಲ್ಲ. ಮೂರು ದಿನದಿಂದ ಕಪ್ಪು ಪರದೆ, ಸುತ್ತುವ ಚಕ್ರ. ಒಮ್ಮೆ ಒಳಗೆ ಹೋಗಿ ಅರ್ಧ ಗಂಟೆ ಆಡಿದೆ. ಕರೆಂಟ್ ಹೋಗಿ ರೂಟರ್ ಆಫ್ ಆಯ್ತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೀತಾನೇ ಇತ್ತು, ಗೇಮ್ ಮಾತ್ರ ಹೊರಗೆ ಹಾಕಿತು. ಸೇವ್ ಕೂಡ ಆಗಿಲ್ಲ. ತುಂಬಾ ಬೇಜಾರಾಯ್ತು.

ಸ್ಟೀಮ್ ರೀಫಂಡ್‌ಗೆ 14 ದಿನದೊಳಗೆ ಕೇಳಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಸುಮ್ನೆ ಕಾದ ಹೊತ್ತೂ ಸೇರಿ ನನ್ನದು ಆಗಲೇ 1 ಗಂಟೆ 50 ನಿಮಿಷ. ಈಗಲೇ ಕೇಳಲಾ, ಕಾಯಲಾ? 2013ರ ಸಿಮ್‌ಸಿಟಿ ಗೇಮ್‌ಗೂ ಹೀಗೇ ಆಗಿತ್ತು ಅಲ್ವಾ, ನೆಟ್ ಇಲ್ಲದೆ ಆಡುವ ಆಫ್‌ಲೈನ್ ಮೋಡ್ ಬಂದಿದ್ದು 2014ರ ಮಾರ್ಚ್‌ನಲ್ಲಿ. 2 ಗಂಟೆ ದಾಟಿದ ಮೇಲೂ ದುಡ್ಡು ವಾಪಸ್ ಸಿಕ್ಕಿದವರು ಇದ್ದೀರಾ? ಕಾರಣ ಏನಂತ ಬರೆದಿರಿ, ದಯವಿಟ್ಟು ಹೇಳಿ.