ಮುಂಬೈ ಫುಲ್‌ಗೆ ಮುಂಚೆ ಒಂದು ಹಾಫ್: ಯಾವ ಪೇಸ್? (ಓಟಗಾರರ ಗುಂಪಿನ ಪ್ರಶ್ನೋತ್ತರ; ಸದಸ್ಯರ ಹೆಸರಿನ ಬದಲು ಅವರ ಊರು, ಬಡಾವಣೆ)

ಅಡ್ಮಿನ್: ಡಿಸೆಂಬರ್ ಹಾಫ್ ಮ್ಯಾರಥಾನ್‌ಗೆ (21.1 ಕಿ.ಮೀ.) ಇನ್ನು ಎರಡು ವಾರ. ಅದಾಗಿ ಆರು ವಾರಕ್ಕೆ ಮುಂಬೈ ಫುಲ್ (42.195 ಕಿ.ಮೀ.). ಇವತ್ತು ನಮ್ಮ ಫಿಸಿಯೋ ಮೇಡಂ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಬೇಡ.

ವಿಜಯನಗರ: ನಮಸ್ಕಾರ ಮೇಡಂ. ಹಾಫ್‌ನಲ್ಲಿ ನನ್ನ ಬೆಸ್ಟ್ 2:05 (2 ಗಂಟೆ 5 ನಿಮಿಷ). ಮುಂಬೈ ನನ್ನ ಮೊದಲ ಫುಲ್, 4:30ಕ್ಕೆ ಮುಗಿಸುವ ಆಸೆ. ಈ ಹಾಫ್ ಪೂರ್ತಿ ಜೋರಾಗಿ ಓಡಲಾ, ಇಲ್ಲ ಫುಲ್ ಪೇಸ್‌ನಲ್ಲೇ ಹೋಗಲಾ?

ಮೇಡಂ: ನಮಸ್ಕಾರ ಸರ್. 4:30 ಅಂದರೆ ಕಿಲೋಮೀಟರಿಗೆ 6:24 (6 ನಿಮಿಷ 24 ಸೆಕೆಂಡ್) ಪೇಸ್. ಮೊದಲ 5 ಕಿ.ಮೀ. 6:45ರಲ್ಲಿ ಹೋಗಿ. ಜನರ ಗದ್ದಲದಲ್ಲಿ ಅದೂ ಬಹಳ ನಿಧಾನ ಅನ್ನಿಸುತ್ತೆ, ಅನ್ನಿಸಲಿ. ಮುಂದಿನ 13 ಕಿ.ಮೀ. 6:24. ಕೊನೆಯ ಮೂರರಲ್ಲಿ ಕಾಲಲ್ಲಿ ಶಕ್ತಿ ಇದ್ದರೆ 6:00. ಸುಮಾರು 2:15ಕ್ಕೆ ಮುಗಿಸುತ್ತೀರಿ. ಜೆಲ್, ನೀರು, ಶೂ, ಬೆಳಗಿನ ತಿಂಡಿ ಎಲ್ಲವನ್ನೂ ಅವತ್ತೇ ಪರೀಕ್ಷೆ ಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಹೊಟ್ಟೆ ತಡೆಯುತ್ತಾ ಅಂತ ಗೊತ್ತಾಗಬೇಕು. ಪೂರ್ತಿ ಜೋರಾಗಿ ಓಡಿದರೆ ಒಂದು ವಾರ, ಹತ್ತು ದಿನ ಕಾಲು ಭಾರ. ಫುಲ್‌ಗೆ ಬೇಕಾದ ದೊಡ್ಡ ಲಾಂಗ್ ರನ್‌ಗಳು ಬರುವುದೇ ಆಗ. ಅವನ್ನು ಕಳೆದುಕೊಳ್ಳಬೇಡಿ.

ಬಸವನಗುಡಿ: ದುಡ್ಡು ಕೊಟ್ಟು ಬಿಬ್ (ಎದೆಗೆ ಅಂಟಿಸುವ ನಂಬರ್) ತಗೊಂಡು ಜಾಗಿಂಗ್ ಮಾಡೋಕಾ? ಅದಕ್ಕೆ ಲಾಲ್‌ಬಾಗ್ ಸಾಕಲ್ವಾ?

ವಿಜಯನಗರ: ಸರ್, ನಾನು ಕೇಳಿದ್ದು ಮೇಡಂ ಅವರನ್ನ.

ಹೆಬ್ಬಾಳ: ನನ್ನ ಹಾಫ್ 2:10. ಯಾವ ಪೇಸ್ ಮೇಡಂ?

ಮೇಡಂ: ಮೇಲೆ ಹೇಳಿದ್ದೇ. ನಿಮ್ಮ ಫುಲ್ ಗುರಿಯನ್ನು 42.195ರಿಂದ ಭಾಗಿಸಿ.

ದಾವಣಗೆರೆ: ಹಾಫ್ ಟೈಮ್‌ನ ಎರಡರಷ್ಟಕ್ಕೆ 10 ನಿಮಿಷ ಸೇರಿಸಿದರೆ ಫುಲ್ ಟೈಮ್ ಅಂತಾರೆ. ಸರೀನಾ?

ಮೇಡಂ: ರೀಗಲ್ ಸೂತ್ರ ಹೆಚ್ಚುಕಡಿಮೆ ಅದನ್ನೇ ಹೇಳುತ್ತೆ, 2.085ರಿಂದ ಗುಣಿಸಿ ಅಂತ. 2:05ಕ್ಕೆ 4:20 ಬರುತ್ತೆ. ಆದರೆ ವಾರಕ್ಕೆ 30-40 ಕಿ.ಮೀ. ಓಡುವ ಕಾಲಿಗೆ ಆ ಲೆಕ್ಕ ಗೊತ್ತಿರಲ್ಲ. ಮೊದಲ ಫುಲ್‌ಗೆ ಇನ್ನೂ ಹತ್ತಿಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಬೆಂಗಳೂರಿನ ಚಳಿಯಲ್ಲಿ ತೆಗೆದ ಟೈಮ್ ಮುಂಬೈಯ ತೇವಕ್ಕೆ ಹಾಗೇ ಹೊಂದಲ್ಲ.

ಜೆ.ಪಿ. ನಗರ: ಅದಕ್ಕೇ ಮೊದಲರ್ಧ ಜೋರಾಗಿ ಓಡಿ ಟೈಮ್ ಉಳಿಸಿಕೊಳ್ಳಬೇಕು. ಕಿಪ್ಚೋಗೆ 2022ರ ಬರ್ಲಿನ್‌ನಲ್ಲಿ ವಿಶ್ವದಾಖಲೆ ಮಾಡಿದಾಗ ಮೊದಲರ್ಧ 59:51, ಎರಡನೆಯದು 61:18.

ವಿಜಯನಗರ: ಆ ರೆಕಾರ್ಡನ್ನ ಕಿಪ್ಟಮ್ 2023ರಲ್ಲಿ ಶಿಕಾಗೋದಲ್ಲಿ ಮುರಿದದ್ದು ಹೇಗೆ? ಮೊದಲರ್ಧ 60:48, ಎರಡನೆಯದು 59:47.

ಬಸವನಗುಡಿ: ನೀವು ಕಿಪ್ಟಮ್ಮಾ?

ವಿಜಯನಗರ: ನೀವು ಕಿಪ್ಚೋಗೆನಾ?

ಮೇಡಂ: ಮುಂಬೈ ಫುಲ್‌ನಲ್ಲಿ ಪೆಡರ್ ರೋಡ್ ಏರು ಬರುವುದು 30 ಕಿ.ಮೀ. ದಾಟಿದ ಮೇಲೆ. ಉಳಿಸಿದ ಟೈಮನ್ನೆಲ್ಲ ಅಲ್ಲಿ ಬಡ್ಡಿ ಸಮೇತ ಕಟ್ಟುತ್ತೀರಿ. ಮುಂದಿನ ಪ್ರಶ್ನೆ.

ಮಲ್ಲೇಶ್ವರ: ಕಾರ್ಬನ್ ಪ್ಲೇಟ್ ಶೂ ಹಾಫ್‌ಗೆ ಹಾಕಲಾ, ಮುಂಬೈಗೆ ಎತ್ತಿಡಲಾ?

ಅಡ್ಮಿನ್: ಹೆಸರು ಬೇಡ ಅಂದ ಒಬ್ಬರ ಪ್ರಶ್ನೆ: "ವಯಸ್ಸು 34. ತೂಕ ಇಳಿಸಲು ರಾತ್ರಿ ಊಟ ಬಿಟ್ಟಿದ್ದೇನೆ. ಲಾಂಗ್ ರನ್‌ಗಳನ್ನೆಲ್ಲ ಫುಲ್ ಪೇಸ್‌ನಲ್ಲೇ ಮಾಡಿದ್ದೇನೆ. ಮೂರು ವಾರದಿಂದ ಮೊಣಕಾಲಿನ ಕೆಳಗೆ, ಒಳಬದಿಯ ಮೂಳೆಯಲ್ಲಿ ಒಂದೇ ಜಾಗದಲ್ಲಿ ನೋವು. ಈಗ ರಾತ್ರಿ ಮಲಗಿದಾಗಲೂ ಇರುತ್ತೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ, ಓಟದಿಂದ ಹಾಗಾಗುತ್ತೆ ಅಂದರು. ಯಾವ ಪೇಸ್‌ನಲ್ಲಿ ಹೋದರೆ ನೋವಿಲ್ಲದೆ ಹಾಫ್ ಮುಗಿಸಬಹುದು?"

ಮೇಡಂ: ಯಾವ ಪೇಸೂ ಇಲ್ಲ. ನಾಳೆಯಿಂದ ಓಟ ಪೂರ್ತಿ ನಿಲ್ಲಿಸಿ. ಹೆದರಿಸಲು ಹೇಳುತ್ತಿಲ್ಲ, ಆದರೆ ಇವತ್ತಿನ ಪ್ರಶ್ನೆಗಳಲ್ಲಿ ನನಗೆ ಚಿಂತೆಯಾದದ್ದು ಇದೊಂದೇ. ಶಿನ್ ಸ್ಪ್ಲಿಂಟ್ (ಓಟಗಾರರಿಗೆ ಮೊಣಕಾಲ ಕೆಳಗೆ ಬರುವ ಸಾಮಾನ್ಯ ನೋವು) ಆದರೆ ನೋವು ಮೂಳೆಯ ಉದ್ದಕ್ಕೂ ಹರಡಿರುತ್ತೆ. ಒಂದು ಬೆರಳಿಟ್ಟು ತೋರಿಸುವಂಥ ಜಾಗ, ಸುಮ್ನೆ ಮಲಗಿದಾಗಲೂ ನೋವು ಅಂದರೆ ಸ್ಟ್ರೆಸ್ ಫ್ರಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು. ಒಂಟಿ ಕಾಲಲ್ಲಿ ಕುಪ್ಪಳಿಸಿ ಪರೀಕ್ಷೆ ಮಾಡಿಕೊಳ್ಳಬೇಡಿ. ಈ ವಾರವೇ ಮೂಳೆ ಡಾಕ್ಟರನ್ನು ನೋಡಿ. ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. "ಎಕ್ಸ್‌ರೇ ನಾರ್ಮಲ್" ಅಂತ ಓಡಲು ಹೋಗಬೇಡಿ, ಎಂಆರ್‌ಐ ಬೇಕಾ ಅಂತ ಕೇಳಿ.

ಇನ್ನೊಂದು. ಓಟದಿಂದ ಮುಟ್ಟು ನಿಲ್ಲುವುದು ಸಹಜ ಅಂತ ಹೇಳಿದವರು ಯಾರೇ ಆಗಲಿ, ತಪ್ಪು ಹೇಳಿದ್ದಾರೆ. ಓಡುವಷ್ಟು ಉಣ್ಣದಿದ್ದರೆ ದೇಹ ಖರ್ಚು ಕಡಿಮೆ ಮಾಡುತ್ತೆ. ಈಸ್ಟ್ರೋಜನ್ ಇಳಿಯುತ್ತೆ, ಮುಟ್ಟು ನಿಲ್ಲುತ್ತೆ, ಮೂಳೆ ದುರ್ಬಲವಾಗುತ್ತೆ. ಕಾಲು ನೋವು, ಮುಟ್ಟು ಎರಡೂ ಒಂದೇ ಕಡೆಯಿಂದ ಬಂದಿರಬಹುದು. ಸ್ತ್ರೀರೋಗ ತಜ್ಞರನ್ನೂ ನೋಡಿ. ಬಸಿರು, ಥೈರಾಯ್ಡ್ ಅಲ್ಲ ಅಂತ ಮೊದಲು ಖಾತ್ರಿಯಾಗಲಿ. ಇವತ್ತು ರಾತ್ರಿಯಿಂದಲೇ ಊಟ ಶುರು ಮಾಡಿ. ಅನ್ನ, ಮುದ್ದೆ, ಏನಿದೆಯೋ ಅದು.

ಕುವೆಂಪುನಗರ: ಅಕ್ಕ, ಗಾಬರಿ ಬೇಡ. ಬಿಸಿ ಹರಳೆಣ್ಣೆ ಹಚ್ಚಿ, ಬಿಗಿಯಾಗಿ ಬಟ್ಟೆ ಕಟ್ಟಿ ಓಡಿ. ಬೆಳಗ್ಗೆ ಒಂದು ನೋವಿನ ಮಾತ್ರೆ. ನನಗೆ ಮೂರೇ ದಿನಕ್ಕೆ ಹೋಯಿತು.

ಮೇಡಂ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಮಾತ್ರೆ ನೋವನ್ನು ಮುಚ್ಚುತ್ತೆ, ಬಿರುಕು ಬೆಳೆಯುತ್ತೆ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕಿಡ್ನಿಗೂ ಹೊಡೆತ. ಓಟಕ್ಕೆ ಮುಂಚೆ ನೋವಿನ ಮಾತ್ರೆ ಬೇಡ, ಯಾರಿಗೂ ಬೇಡ.

ರಾಜಾಜಿನಗರ: ಫಾರ್ವರ್ಡ್ ಬಂದಿದ್ದು: "ಓಟದ ದಿನ ಬೆಳಗ್ಗೆ ಎರಡು ಲೀಟರ್ ನೀರು, ಆಮೇಲೆ ಪ್ರತಿ ಕಿ.ಮೀ.ಗೆ ಒಂದು ಲೋಟ. ಸ್ನಾಯು ಸೆಳೆತ ಬರುವುದೇ ಇಲ್ಲ." ಎಲ್ಲರಿಗೂ ಉಪಯೋಗ ಆಗಲಿ 🙏

ಮೇಡಂ: ಯಾರಿಗೂ ಉಪಯೋಗ ಆಗಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ನೋಡಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಓಡಿ ಮುಗಿಸುವಷ್ಟರಲ್ಲಿ ತೂಕ ಹೆಚ್ಚಿದವರಿಗೆ, ಅಂದರೆ ಅತಿಯಾಗಿ ಕುಡಿದವರಿಗೆ, ಅಪಾಯ ಜಾಸ್ತಿ. ತಲೆನೋವು, ವಾಂತಿ, ಫಿಟ್ಸ್, ಸಾವೂ ಆಗಬಹುದು. ಬಾಯಾರಿದಾಗ ಕುಡಿಯಿರಿ. ಮೊದಲೇ ಅಡ್ಮಿನ್ ಏನು ಬರೆದಿದ್ದರು?

ರಾಜಾಜಿನಗರ: ಒಳ್ಳೆ ಉದ್ದೇಶದಿಂದ ಹಾಕಿದೆ ಮೇಡಂ. ಇಷ್ಟು ಕೋಪ ಯಾಕೆ?

ಹೆಬ್ಬಾಳ: ಭಾಗಿಸಿದೆ. 6:38 ಬಂತು. ಕಬ್ಬನ್ ಪಾರ್ಕಲ್ಲಿ ವಾಚ್ ಒಮ್ಮೆ 6:10, ಒಮ್ಮೆ 7 ತೋರಿಸುತ್ತೆ. ಯಾವುದನ್ನ ನಂಬೋದು?

ಮೇಡಂ: ಮರದ ಕೆಳಗೆ ಜಿಪಿಎಸ್ ತಪ್ಪುತ್ತೆ. ಕ್ಷಣಕ್ಷಣದ ಪೇಸ್ ಬಿಡಿ, ಲ್ಯಾಪ್ ಪೇಸ್ (ಒಂದೊಂದು ಕಿಲೋಮೀಟರಿನ ಸರಾಸರಿ) ನೋಡಿ. ರೇಸಿನಲ್ಲಿ ಕಿಲೋಮೀಟರ್ ಬೋರ್ಡ್ ನೋಡಿ.

ಯಲಹಂಕ: ನನ್ನ ಹಾಫ್ 2:20. ಯಾವ ಪೇಸ್?

ಮೇಡಂ: ಮೇಲೆ ಓದಿ.

ಮಲ್ಲೇಶ್ವರ: ಶೂ ಬಗ್ಗೆ ಕೇಳಿದ್ದೆ...

ಬಸವನಗುಡಿ: ನಾನಂತೂ ಜೋರಾಗಿಯೇ ಓಡುತ್ತೇನೆ. 1:50.

ವಿಜಯನಗರ: ಓಡಿ. ಪೆಡರ್ ರೋಡಲ್ಲಿ ಸಿಗೋಣ.

ಅಡ್ಮಿನ್: ಇಬ್ಬರೂ ಸಾಕು. ಆ ಸದಸ್ಯೆ ಕೇಳುತ್ತಿದ್ದಾರೆ: ಹಾಫ್ ಬಿಡುತ್ತೇನೆ, ಮುಂಬೈ ಆದರೂ ಆಗುತ್ತಾ? ಅಲ್ಲಿಯವರೆಗೆ ಸೈಕಲ್ ತುಳಿಯಬಹುದಾ?

ಮೇಡಂ: ಸ್ಟ್ರೆಸ್ ಫ್ರಾಕ್ಚರ್ ಆಗಿದ್ದರೆ ಈ ಸಲದ ಮುಂಬೈ ಇಲ್ಲ. ಸ್ಕ್ಯಾನ್ ಆಗುವವರೆಗೆ ಸೈಕಲ್ ಕೂಡ ಬೇಡ. ನಡೆದರೂ ನೋವಿದ್ದರೆ ಆ ಕಾಲಿನ ಮೇಲೆ ಭಾರ ಹಾಕಬೇಡಿ. ರಿಪೋರ್ಟ್ ಬಂದ ಮೇಲೆ ನನಗೆ ನೇರವಾಗಿ ಕಳಿಸಲಿ, ಗುಂಪಿಗೆ ಬೇಡ. ಉಳಿದವರದ್ದು ಇನ್ನೊಂದು ದಿನ.